ಒಬ್ಬ ಇಳಿದಾಗ ಇನ್ನೊಬ್ಬ ಹತ್ತಬೇಕು

ಊರ ಅಗಸಿಯ ಮುಂದೆ, ಇಲ್ಲವೇ ಶಾಲೆಯ ಬಯಲಿನಲ್ಲಿ ಒಂದು ಕಂಬ ನೆಟ್ಟು, ಅದಕ್ಕೆ ಧ್ವನಿವರ್ಧಕ ಕಟ್ಟಿ, ಹಗಲಿರುಳೂ ಸೈಕಲ್ಲಿನಿಂದ ಕೆಳಗಿಳಿಯದೆ ಸುತ್ತು ಹಾಕುವ ಆಟಗಾರರು ಒಂದು ಕಾಲಕ್ಕೆ ಕನ್ನಡ ನಾಡಿನ ಹಳ್ಳಿಗಳಿಗೆ ಬರುತ್ತಿದ್ದರು. ಮೂರು ದಿನ, ಐದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಊಟ ಸೈಕಲ್ಲಿನ ಮೇಲೆ, ಸ್ನಾನ ಸೈಕಲ್ಲಿನ ಮೇಲೆ, ತೂಕಡಿಕೆಯೂ ಅದರ ಮೇಲೆಯೇ. ಸಂಜೆಯಾದರೆ ಸಿನಿಮಾ ಹಾಡು, ಸುತ್ತ ಕುಳಿತ ಮಕ್ಕಳ ಸಿಳ್ಳೆ. ಕೊನೆಯ ದಿನ ಊರ ಹಿರಿಯರು ಹಾರ ಹಾಕಿ ಇಳಿಸಿಕೊಂಡಾಗ ಆತನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಯಾರೋ ನಾಲ್ಕಾಣೆ ಕೊಟ್ಟರು, ಯಾರೋ ಒಂದು ಸೇರು ಜೋಳ ಕೊಟ್ಟರು. ಗಾಡಿ ಮುಂದಿನ ಊರಿಗೆ ಹೋಯಿತು.

ಅದು ಹೊಟ್ಟೆಪಾಡಿನ ಆಟ. ಆದರೆ ದಮ್ಮಿನ ಪರೀಕ್ಷೆ ಎಂಬುದರಲ್ಲಿ ಸಂದೇಹವಿಲ್ಲ. ಆ ಆಟಗಾರನ ಕಷ್ಟವೆಲ್ಲ ಒಂದೇ ಮಾತಿನಲ್ಲಿತ್ತು: ಆತನಿಗೆ ಸರದಿ ಬಿಡಿಸುವವರು ಇರಲಿಲ್ಲ. ಜಗತ್ತಿನ ಹಲವೆಡೆ ಇಂದು ನಡೆಯುವ 24 ಗಂಟೆಗಳ ಮೌಂಟನ್ ಬೈಕ್ ಸ್ಪರ್ಧೆಯಲ್ಲಿ ಇರುವುದು ಸರಿಸುಮಾರು ಅದೇ ಪರೀಕ್ಷೆ. ಆದರೆ ಅಲ್ಲಿ ಒಬ್ಬ ಇಳಿದಾಗ ಇನ್ನೊಬ್ಬ ಹತ್ತುತ್ತಾನೆ. ಆಳಂದ, ಅಫಜಲಪುರ, ಜೇವರ್ಗಿಯ ಕಡೆ ‘ಬೈಕ್’ ಎಂದೊಡನೆ ಮೋಟಾರು ಗಾಡಿ ಕಣ್ಣಿಗೆ ಬರುತ್ತದೆ. ಇದು ಅದಲ್ಲ. ದಪ್ಪ ಟೈರಿನ, ಹಲವು ಗೇರುಗಳ, ಕಲ್ಲುಮಣ್ಣಿನ ದಾರಿಗೆಂದೇ ಮಾಡಿದ, ಕಾಲಿನಿಂದಲೇ ತುಳಿಯುವ ಸೈಕಲ್ಲು.

ಗುಡ್ಡ ಇಳಿದವರ ಕಥೆ

ಈ ಸೈಕಲ್ಲು ಹುಟ್ಟಿದ್ದು ದೊಡ್ಡ ಕಾರ್ಖಾನೆಯಲ್ಲಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಸಮೀಪದ ಮರಿನ್ ಎಂಬ ಗುಡ್ಡಗಾಡು ಪ್ರದೇಶದಲ್ಲಿ, 1970ರ ದಶಕದಲ್ಲಿ ಕೆಲವು ಯುವಕರು ಹಳೆಯ, ಭಾರವಾದ, ದಪ್ಪ ಟೈರಿನ ಸೈಕಲ್ಲುಗಳನ್ನು ಗುಜರಿಯಿಂದ ತಂದು ಗುಡ್ಡದ ಮೇಲಿಂದ ಇಳಿಸತೊಡಗಿದರು. 1976ರಲ್ಲಿ ಅದೇ ಇಳಿಜಾರಿನಲ್ಲಿ ಗಡಿಯಾರ ಹಿಡಿದು ಸ್ಪರ್ಧೆ ಆರಂಭಿಸಿದರು. ಆ ಸ್ಪರ್ಧೆಗೆ ‘ರೀಪ್ಯಾಕ್’ ಎಂಬ ಹೆಸರು ಬಂದ ಬಗೆ ಸ್ವಾರಸ್ಯಕರವಾಗಿದೆ. ಹಳೆಯ ಸೈಕಲ್ಲಿನ ಬ್ರೇಕು ಹಿಂದಿನ ಗಾಲಿಯ ಹಬ್ಬಿನೊಳಗೇ ಇರುತ್ತಿತ್ತು. ಗುಡ್ಡ ಇಳಿದು ಮುಗಿಯುವಷ್ಟರಲ್ಲಿ ಅದು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹಬ್ಬು ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗಿತ್ತು. ಹಾಗೆ ಮತ್ತೆ ತುಂಬುವುದಕ್ಕೆ ಅವರ ಭಾಷೆಯಲ್ಲಿ ರೀಪ್ಯಾಕ್ ಎನ್ನುತ್ತಾರೆ.

ಇವರಲ್ಲಿ ಜೋ ಬ್ರೀಜ್ ಎಂಬಾತ 1977ರಲ್ಲಿ ಗುಡ್ಡದ ದಾರಿಗೆಂದೇ ಹೊಸ ಚೌಕಟ್ಟು ಕಟ್ಟಿದ. ಗ್ಯಾರಿ ಫಿಶರ್, ಟಾಮ್ ರಿಚಿ, ಚಾರ್ಲಿ ಕೆಲ್ಲಿ ಮೊದಲಾದವರು ಕೈಜೋಡಿಸಿದರು. 1980ರ ದಶಕದಲ್ಲಿ ಕಾರ್ಖಾನೆಗಳು ಇಂಥ ಸೈಕಲ್ಲುಗಳನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ತಯಾರಿಸಿದವು. 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕ್ ಸ್ಪರ್ಧೆಗೂ ಸ್ಥಾನ ಸಿಕ್ಕಿತು. ಗುಜರಿ ಸೈಕಲ್ಲು ಒಲಿಂಪಿಕ್ಸ್ ತಲುಪಲು ಹಿಡಿದದ್ದು ಕೇವಲ ಇಪ್ಪತ್ತು ವರ್ಷ.

ಸರದಿಯ ಸ್ಪರ್ಧೆ ಆ ಮಧ್ಯೆ ಹುಟ್ಟಿತು. 1992ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಕೇನನ್ ಕಣಿವೆಯಲ್ಲಿ ಲೇರ್ಡ್ ನೈಟ್ ಎಂಬಾತ 24 ಗಂಟೆಗಳ ಸ್ಪರ್ಧೆ ಏರ್ಪಡಿಸಿದ. ನಾಲ್ವರ ತಂಡ. ಒಬ್ಬ ಒಂದು ಸುತ್ತು ಮುಗಿಸಿ ಬಂದು ಗುರುತನ್ನು ಕೈಗೆ ಕೊಟ್ಟ ಮೇಲೆಯೇ ಮುಂದಿನವನು ಹೊರಡಬೇಕು. ಹಗಲು, ಸಂಜೆ, ನಡುರಾತ್ರಿ, ಬೆಳಗಿನ ಜಾವ, ಮತ್ತೆ ಹಗಲು. ಕೊನೆಗೆ ಹೆಚ್ಚು ಸುತ್ತು ಮುಗಿಸಿದ ತಂಡ ಗೆದ್ದಂತೆ. ಮುಂದೆ 1999ರಿಂದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿಯೂ ತಂಡದ ರಿಲೇ ಸೇರಿತು. ಅದು 24 ಗಂಟೆಯದಲ್ಲ, ತಲಾ ಒಂದು ಸುತ್ತಿನದು; ಆದರೆ ಅದರ ನಿಯಮದಲ್ಲಿ ವಿದ್ಯಾರ್ಥಿಗಳಿಗೆ ಮುಖ್ಯವಾದ ಒಂದು ಅಂಶವಿದೆ. ದೇಶದ ತಂಡವೆಂದರೆ ಅತಿ ವೇಗದ ಗಂಡಸರಷ್ಟೇ ಅಲ್ಲ. ಹಿರಿಯ ಸವಾರನ ಜೊತೆಗೆ ಮಹಿಳೆ, ತರುಣ, ಇನ್ನೂ ಹದಿಹರೆಯದ ಜೂನಿಯರ್ ಎಲ್ಲರೂ ಇರಲೇಬೇಕು. ಎಲ್ಲರ ಹೊತ್ತೂ ಒಂದೇ ಲೆಕ್ಕಕ್ಕೆ ಸೇರುತ್ತದೆ.

ಲೆಕ್ಕ ಹೇಳುವ ಪಾಠ

ಇಂಥ ಸ್ಪರ್ಧೆಗೆ ಮೊದಲ ಸಲ ಇಳಿಯುವ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ಕಾಡುವ ಭಯ ಬೀಳುವ ಭಯವಲ್ಲ. ‘ನನ್ನಿಂದ ತಂಡ ಸೋತರೆ?’ ಎಂಬ ಭಯ. ಒಬ್ಬನೇ ಓಡಿ ಸೋತರೆ ನಾಚಿಕೆ ಒಬ್ಬನಿಗೇ. ಇಲ್ಲಿ ಮೂವರು ಗೆಳೆಯರು ಕಾಯುತ್ತ ನಿಂತಿರುತ್ತಾರೆ. ಈ ಭಯ ಎಷ್ಟು ನಿಜ ಎಂಬುದನ್ನು ಶಾಲೆಯ ಗಣಿತದಿಂದಲೇ ನೋಡಬಹುದು.

ಒಂದು ಸುತ್ತಿಗೆ ಒಂದು ಗಂಟೆ ಎಂದು ಇಟ್ಟುಕೊಂಡರೆ ನಾಲ್ವರ ತಂಡ 24 ಗಂಟೆಯಲ್ಲಿ 24 ಸುತ್ತು ಮುಗಿಸುತ್ತದೆ. ತಲಾ ಆರು ಸುತ್ತು, ಎರಡು ಸುತ್ತಿನ ನಡುವೆ ಮೂರು ಗಂಟೆ ಬಿಡುವು. ಈಗ ನಾಲ್ವರಲ್ಲಿ ಒಬ್ಬ ಹೊಸಬ, ಅವನಿಗೆ ಪ್ರತಿ ಸುತ್ತಿಗೂ ಒಂದೂಕಾಲು ಗಂಟೆ ಬೇಕು ಎನ್ನೋಣ. ಆಗ ನಾಲ್ವರ ಒಂದು ಸರದಿಗೆ ನಾಲ್ಕೂಕಾಲು ಗಂಟೆ ಹಿಡಿಯುತ್ತದೆ. ಇಡೀ ದಿನಕ್ಕೆ ತಂಡ ಕಳೆದುಕೊಳ್ಳುವುದು ಒಂದೆರಡು ಸುತ್ತು, ಅಷ್ಟೇ.

ಅದೇ ಹುಡುಗ ನಾಚಿಕೆಗೆ ಬಿದ್ದು ಮೊದಲ ಸುತ್ತಿನಲ್ಲೇ ಬಲವೆಲ್ಲ ಸುರಿದು, ಎರಡನೆಯ ಸುತ್ತಿನಲ್ಲಿ ಕಾಲು ಸೆಳೆತು ಕುಳಿತುಬಿಟ್ಟರೆ? ಉಳಿದ ಮೂವರು ನಾಲ್ವರ ಕೆಲಸ ಮಾಡಬೇಕು. ಇಡೀ ದಿನದ ಲೆಕ್ಕದಲ್ಲಿ ಆರು ಸುತ್ತು ಹೊಡೆಯಬೇಕಾದವರ ಪಾಲಿಗೆ ಎಂಟು ಬರುತ್ತವೆ. ಮೂರು ಗಂಟೆಯ ಬಿಡುವು ಎರಡು ಗಂಟೆಗೆ ಇಳಿಯುತ್ತದೆ. ಊಟ, ಸೈಕಲ್ಲಿನ ದುರಸ್ತಿ ಕಳೆದರೆ ನಿದ್ದೆಗೆ ಉಳಿಯುವುದು ಏನೂ ಇಲ್ಲ. ತಂಡ ಮುರಿಯುವುದು ಅಲ್ಲಿ. ಅಂದರೆ ನಿಧಾನ ಹೋಗುವವನಿಂದ ತಂಡಕ್ಕೆ ಆಗುವ ನಷ್ಟ ಸಣ್ಣದು. ನಿಂತುಹೋಗುವವನಿಂದ ಆಗುವ ನಷ್ಟ ದೊಡ್ಡದು. ಹೊಸಬನ ಕೆಲಸ ಗೆಲ್ಲುವುದಲ್ಲ, ಆರು ಸಲವೂ ತಿರುಗಿ ಬರುವುದು. ಈ ಒಂದು ಮಾತು ತಿಳಿದ ಮೇಲೆ ಎದೆಯ ಭಾರ ಅರ್ಧ ಇಳಿಯುತ್ತದೆ.

ಸರದಿಯ ಕ್ರಮದಲ್ಲಿಯೂ ಜಾಣತನವಿದೆ. ಆರಂಭದಲ್ಲಿ ಎಲ್ಲ ತಂಡಗಳ ಸವಾರರೂ ಒಟ್ಟಿಗೆ ನುಗ್ಗುತ್ತಾರೆ, ಮೊಣಕೈಗೆ ಮೊಣಕೈ ತಾಗುತ್ತದೆ. ಅಲ್ಲಿಗೆ ಅನುಭವಿಯನ್ನು ಕಳಿಸಬೇಕು. ಹೊಸಬನನ್ನು ಎರಡನೆಯ ಇಲ್ಲವೇ ಮೂರನೆಯ ಸರದಿಗೆ ಇಟ್ಟರೆ ಅಷ್ಟು ಹೊತ್ತಿಗೆ ದಾರಿ ತೆರವಾಗಿರುತ್ತದೆ. ಅವನ ಮೊದಲ ಸುತ್ತು ಹಗಲಿನಲ್ಲೇ ಬರುವಂತೆ ನೋಡಿಕೊಂಡರೆ, ಕತ್ತಲಾದಾಗ ಯಾವ ತಿರುವಿನಲ್ಲಿ ಕಲ್ಲು, ಯಾವ ಇಳಿಜಾರಿನಲ್ಲಿ ಉಸುಕು ಎಂಬುದು ಅವನಿಗೆ ಗೊತ್ತಿರುತ್ತದೆ.

ಆಳಂದದ ಕಲ್ಲು, ಜೇವರ್ಗಿಯ ಎರೆ

ಮೌಂಟನ್ ಬೈಕ್ ಎಂದರೆ ಹಿಮಾಲಯವೇ ಬೇಕು ಎಂದೇನಿಲ್ಲ. ಹಿಮಾಚಲ ಪ್ರದೇಶದಲ್ಲಿ 2005ರಿಂದ ‘ಎಂಟಿಬಿ ಹಿಮಾಲಯ’ ಎಂಬ ಹಲವು ದಿನಗಳ ಸ್ಪರ್ಧೆ ಹೆಸರು ಮಾಡಿದ್ದು ನಿಜ. ಆದರೆ 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆದದ್ದು ನಮ್ಮದೇ ಗದಗದಲ್ಲಿ. ಭೀಮೆಯ ಆಚೆ ದಂಡೆಯ ವಿಜಯಪುರ ಜಿಲ್ಲೆಯಂತೂ ರಸ್ತೆ ಸೈಕ್ಲಿಂಗ್‌ನಲ್ಲಿ ನಾಡಿಗೇ ಮಾದರಿ. ಅಲ್ಲಿನ ಕ್ರೀಡಾ ನಿಲಯದಲ್ಲಿ ಬೆಳೆದ, ಹಳ್ಳಿಯ ಬಡ ಮನೆಗಳಿಂದ ಬಂದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಅಫಜಲಪುರದವರಿಗೆ ಅದು ದೂರದ ಊರಲ್ಲ, ಹೊಳೆ ದಾಟಿದರೆ ಅದೇ ಜಿಲ್ಲೆ.

ಕಲಬುರಗಿಯ ಈ ಮೂರು ತಾಲ್ಲೂಕುಗಳ ನೆಲವೂ ಅಭ್ಯಾಸಕ್ಕೆ ಕಡಿಮೆಯದಲ್ಲ. ಆಳಂದದ ಕಡೆ ಕರಿಗಲ್ಲಿನ ದಿನ್ನೆಗಳು, ಏರು ಇಳಿತದ ಬಂಡಿ ಜಾಡು, ಅಮರ್ಜಾ ಜಲಾಶಯದ ಸುತ್ತಿನ ಹಾದಿ. ಅಫಜಲಪುರದಲ್ಲಿ ಭೀಮಾ, ಅಮರ್ಜಾ ಕೂಡುವ ಗಾಣಗಾಪುರದ ಆಸುಪಾಸಿನ ಹೊಳೆದಂಡೆ. ಜೇವರ್ಗಿಯಲ್ಲಿ ಕಣ್ಣು ಹಾಯಿಸಿದಷ್ಟು ದೂರ ಎರೆಹೊಲ, ತೊಗರಿ, ಹತ್ತಿ, ನಡುವೆ ಎತ್ತಿನ ಗಾಡಿ ಸವೆಸಿದ ದಾರಿ. ಒಂದೊಂದು ನೆಲವೂ ಒಂದೊಂದು ವಿದ್ಯೆ ಕಲಿಸುತ್ತದೆ.

ಕಲ್ಲಿನ ಏರು ಗೇರು ಕಲಿಸುತ್ತದೆ. ಏರು ಬಂದ ಮೇಲೆ ಗೇರು ಬದಲಿಸಿದರೆ ಚೈನು ಕಳಚುತ್ತದೆ. ಏರು ಕಂಡೊಡನೆ ಹಗುರ ಗೇರಿಗೆ ತರಬೇಕು. ಇಳಿಜಾರು ಬ್ರೇಕು ಕಲಿಸುತ್ತದೆ. ಮುಂದಿನ ಬ್ರೇಕೊಂದನ್ನೇ ಹಿಡಿದರೆ ಸವಾರ ಹ್ಯಾಂಡಲ್ ದಾಟಿ ಬೀಳುತ್ತಾನೆ. ಎರಡನ್ನೂ ಹದವಾಗಿ ಹಿಡಿದು, ಸೀಟಿನಿಂದ ತುಸು ಎದ್ದು, ಮೈಭಾರವನ್ನು ಹಿಂದಕ್ಕೆ ತಂದು, ಎರಡೂ ಪೆಡಲ್ ಸಮನಾಗಿ ಇರಿಸಿಕೊಳ್ಳಬೇಕು. ಎರೆಮಣ್ಣು ಮಾತ್ರ ತಾಳ್ಮೆ ಕಲಿಸುತ್ತದೆ. ಮಳೆ ಬಿದ್ದ ಎರೆಯಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿ, ಫೋರ್ಕು, ಬ್ರೇಕು ಎಲ್ಲ ಒಂದೇ ಉಂಡೆಯಾಗುತ್ತದೆ. ಆಗ ತುಳಿಯುವುದು ವ್ಯರ್ಥ. ಹೆಗಲ ಮೇಲೆ ಹೊತ್ತು ನಡೆದವನೇ ಮೊದಲು ದಾಟುತ್ತಾನೆ.

ಇವೆಲ್ಲಕ್ಕಿಂತ ದೊಡ್ಡ ವೈರಿ ಜಾಲಿಮುಳ್ಳು. ಈ ಸೀಮೆಯಲ್ಲಿ ಪಂಕ್ಚರ್ ಆಗದೆ ಸೈಕಲ್ ಕಲಿತವರಿಲ್ಲ. ಸ್ಪರ್ಧೆಯಲ್ಲಿ ಪಂಕ್ಚರ್ ಆದರೆ ಅಂಗಡಿ ಇರುವುದಿಲ್ಲ. ಸವಾರನೇ ಟೈರು ಬಿಚ್ಚಿ, ಒಳಗೆ ಬೆರಳಾಡಿಸಿ ಮುಳ್ಳು ಹುಡುಕಿ ತೆಗೆದು, ಬೇರೆ ಟ್ಯೂಬು ಹಾಕಿ ಗಾಳಿ ಹೊಡೆಯಬೇಕು. ಮುಳ್ಳು ತೆಗೆಯದೆ ಹೊಸ ಟ್ಯೂಬು ಹಾಕಿದವನಿಗೆ ಐದೇ ನಿಮಿಷದಲ್ಲಿ ಮತ್ತೆ ಪಂಕ್ಚರ್. ಮನೆಯಂಗಳದಲ್ಲಿ ಹತ್ತು ಸಲ ಬಿಚ್ಚಿ ಹಾಕಿ ಅಭ್ಯಾಸ ಮಾಡಿದವನು ಕತ್ತಲಲ್ಲಿಯೂ ಹತ್ತು ನಿಮಿಷದಲ್ಲಿ ಎದ್ದು ಹೊರಡುತ್ತಾನೆ. ಊರಿನ ಸೈಕಲ್ ಅಂಗಡಿಯ ಕಾಕಾನ ಹತ್ತಿರ ಒಂದು ವಾರ ಕುಳಿತು ಕಲಿತರೆ ಯಾವ ಪುಸ್ತಕವೂ ಬೇಡ.

ದಮ್ಮು ಕಟ್ಟುವ ಬಗೆ

ದಮ್ಮು ಒಂದು ವಾರದಲ್ಲಿ ಬರುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳ. ಮೂರು ತಿಂಗಳ ಅವಧಿ ಹೊಸಬನಿಗೆ ಸಾಕು. ಬಿಸಿಲ ನಾಡಿನಲ್ಲಿ ಅದಕ್ಕೆ ತಕ್ಕ ಕಾಲ ದಸರೆಯ ನಂತರದ ಚಳಿಗಾಲ. ಮಾರ್ಚ್ ಹೊತ್ತಿಗೆ ಪರೀಕ್ಷೆ ಬರುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಮೀರುತ್ತದೆ. ಆ ಎರಡಕ್ಕೂ ಮುಂಚೆ ಅಭ್ಯಾಸ ಮುಗಿಯಬೇಕು.

ಮೊದಲ ತಿಂಗಳು ವಾರಕ್ಕೆ ನಾಲ್ಕು ದಿನ, ದಿನಕ್ಕೆ ಅರ್ಧ ಮುಕ್ಕಾಲು ಗಂಟೆ, ಮಾತಾಡುತ್ತ ತುಳಿಯುವಷ್ಟು ವೇಗ. ಜೊತೆಯವನೊಡನೆ ಒಂದು ಪೂರ್ತಿ ವಾಕ್ಯ ಆಡಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಎರಡನೆಯ ತಿಂಗಳು ಒಂದು ದಿನ ಏರು, ಭಾನುವಾರ ಎರಡು ಗಂಟೆಯ ದೂರದ ಸವಾರಿ. ಮೂರನೆಯ ತಿಂಗಳು ನಾಲ್ವರೂ ಒಂದು ಬಯಲಿನಲ್ಲಿ ಸೇರಿ, ಬೆಳಗಿನಿಂದ ಆರು ಗಂಟೆಯ ಕಾಲ ಅರ್ಧರ್ಧ ಗಂಟೆಯ ಸರದಿ ಹೊಡೆಯಬೇಕು. ಮೈ ತಣ್ಣಗಾದ ಮೇಲೆ ಮತ್ತೆ ಸೀಟಿನ ಮೇಲೆ ಕೂಡುವುದು ಎಷ್ಟು ಕಷ್ಟ ಎಂಬುದು ಆಗಲೇ ತಿಳಿಯುವುದು. ಸರದಿಯ ಸ್ಪರ್ಧೆಯ ನಿಜವಾದ ಪರೀಕ್ಷೆ ಅದೇ. ವಾರದಿಂದ ವಾರಕ್ಕೆ ದೂರವನ್ನು ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಏರಿಸಬಾರದು ಎಂಬುದು ತರಬೇತುದಾರರು ಸಾಮಾನ್ಯವಾಗಿ ಹೇಳುವ ಮಾತು.

ಊಟದ ವಿಷಯದಲ್ಲಿ ಪೇಟೆಯ ಪುಡಿ ಡಬ್ಬಿಗಳಿಗೆ ಮರುಳಾಗಬೇಕಾಗಿಲ್ಲ. ಒಂದು ಗಂಟೆ ಮೀರಿದ ಸವಾರಿಗೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆಯ ಅಂಶ ದೇಹಕ್ಕೆ ಬೇಕು. ಎರಡು ಬಾಳೆಹಣ್ಣಿನಲ್ಲಿ ಅದು ಸಿಗುತ್ತದೆ. ಬಿಡುವಿನಲ್ಲಿ ಜೋಳದ ರೊಟ್ಟಿ, ಅನ್ನ, ಬೇಳೆ, ಮಜ್ಜಿಗೆ ಎಲ್ಲವೂ ಒಳ್ಳೆಯದೇ. ಶೇಂಗಾ ಉಂಡೆಯಲ್ಲಿ ಎಣ್ಣೆಯ ಅಂಶ ಹೆಚ್ಚು. ಅದು ನಿಧಾನ ಜೀರ್ಣವಾಗುವುದರಿಂದ ಸುತ್ತು ಮುಗಿದ ಮೇಲೆ ತಿನ್ನಬೇಕೇ ಹೊರತು ಹೊರಡುವ ಮುನ್ನ ಅಲ್ಲ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದ ಲೆಕ್ಕದಲ್ಲಿ. ವಾಂತಿ ಭೇದಿಗೆ ಮನೆಯಲ್ಲಿ ಮಾಡುವ ಅದೇ ಪಾನಕ ಇಲ್ಲಿಯೂ ಬರುತ್ತದೆ. ತಲೆ ಸುತ್ತಿದರೆ, ಮಾತು ತೊದಲಿದರೆ, ಚಳಿ ಬಂದಂತಾದರೆ ಕೂಡಲೇ ನೆರಳಿಗೆ ಬಂದು ಮೈಗೆ ನೀರು ಹಾಕಿಸಿಕೊಂಡು ವೈದ್ಯರಿಗೆ ತೋರಿಸಬೇಕು. ಅಂಥ ಹೊತ್ತಿನಲ್ಲಿ ಸರದಿ ಬಿಡುವುದು ಹೇಡಿತನವಲ್ಲ.

ಮನೆಯವರ ಮಾತು

ಇಷ್ಟೆಲ್ಲ ಕೇಳಿದ ಮೇಲೂ ಮನೆಯಲ್ಲಿ ಎರಡು ಮಾತು ಬರದೆ ಇರುವುದಿಲ್ಲ. ತಾಯಿಯದು: ‘ಬಿದ್ದು ಕೈ ಮುರಕೊಂಡ್ರ ಪರೀಕ್ಷಾ ಹ್ಯಾಂಗ ಬರಿತಿ?’ ತಂದೆಯದು: ‘ಸೈಕಲ್ ಹೊಡದು ಯಾರು ಉದ್ಧಾರ ಆಗ್ಯಾರ?’ ಎರಡೂ ಪ್ರಶ್ನೆಗೆ ನೇರ ಉತ್ತರ ಕೊಡಬೇಕಾದುದು ನ್ಯಾಯ.

ಬೀಳುವುದುಂಟು. ಅದಕ್ಕಾಗಿ ತಲೆಗೆ ಹೆಲ್ಮೆಟ್, ಕೈಗೆ ಗವಸು ಇಲ್ಲದೆ ಹುಡುಗರನ್ನು ಬಿಡಲೇಬಾರದು. ಹೆದ್ದಾರಿಯಲ್ಲಿ ಅಭ್ಯಾಸ ಬೇಡ. ಕತ್ತಲಾದ ಮೇಲಂತೂ ಹಿರಿಯರೊಬ್ಬರು ಜೊತೆಗಿದ್ದು, ವಾಹನ ಬಾರದ ಬಯಲಿನಲ್ಲಿ, ಹ್ಯಾಂಡಲ್‌ಗೊಂದು ಹೆಲ್ಮೆಟ್‌ಗೊಂದು ದೀಪ ಕಟ್ಟಿಕೊಂಡು ಮಾತ್ರ. ಎದೆಯ ತೊಂದರೆ, ಉಬ್ಬಸ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು.

ಇನ್ನು ಖರ್ಚು. ಸ್ಪರ್ಧೆಯ ಸೈಕಲ್ಲು ಲಕ್ಷಗಟ್ಟಲೆ ಬೆಲೆ ಬಾಳುವುದುಂಟು. ಹೊಸಬನಿಗೆ ಅದು ಅನಗತ್ಯ. ಒಳ್ಳೆಯ ಬ್ರೇಕು, ನೆಟ್ಟಗಿನ ರಿಮ್ಮು, ಅಳತೆಗೆ ಸರಿಯಾದ ಸೀಟು, ಇಷ್ಟಿದ್ದರೆ ಸಾಕು. ದಮ್ಮು ಕಟ್ಟಲು ಶಾಲೆಗೆ ಹೋಗುವ ಸಾದಾ ಸೈಕಲ್ಲೂ ಆದೀತು. ಕರ್ನಾಟಕ ಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತ್ತು. ಕೋವಿಡ್ ಬಂದ 2020-21ರ ಸಾಲಿನಿಂದ ಅದು ನಿಂತಿತು. ಅದರ ಹಿಂದಿನ ವರ್ಷಗಳಲ್ಲಿ ಕೊಟ್ಟ ಸೈಕಲ್ಲುಗಳು ಇಂದಿಗೂ ಹಲವು ಮನೆಗಳ ಪಡಸಾಲೆಯಲ್ಲಿ ಗಾಳಿಯಿಲ್ಲದೆ ನಿಂತಿವೆ. ಟೈರು, ಟ್ಯೂಬು ಬದಲಿಸಿದರೆ ಅವು ಮತ್ತೆ ಓಡುತ್ತವೆ.

ಉದ್ಧಾರದ ಪ್ರಶ್ನೆಗೆ ಉತ್ತರ ಪದಕದಲ್ಲಿ ಮಾತ್ರ ಇಲ್ಲ. ಬಿಹಾರದಲ್ಲಿ 2006ರಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದ ಮೇಲೆ, ಪ್ರೌಢಶಾಲೆ ಸೇರಿದ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಏಳನೆಯ ತರಗತಿಗೆ ಓದು ನಿಲ್ಲಿಸಿದ ಹುಡುಗಿ ಪಕ್ಕದ ಊರಿನ ಪ್ರೌಢಶಾಲೆಗೆ ಹೋಗಲು ತಡೆಯಾದುದು ಬುದ್ಧಿಯಲ್ಲ, ನಾಲ್ಕಾರು ಮೈಲಿ ದಾರಿ. ಆ ದಾರಿಯನ್ನು ನಾಲ್ವರು ಹುಡುಗಿಯರು ಕೂಡಿ ಸೈಕಲ್ಲಿನಲ್ಲಿ ಹೋದರೆ ಮನೆಯವರ ಭಯವೂ ಕಡಿಮೆ. ನಾಲ್ವರ ತಂಡ ಎಂಬುದು ಸ್ಪರ್ಧೆಯ ದಿನಕ್ಕಷ್ಟೇ ಬೇಕಾದುದಲ್ಲ.

ತಿರುಗಿ ಬಂದವರು

ಅಮೆರಿಕದ ಪಶ್ಚಿಮ ಕಡಲಿಂದ ಪೂರ್ವ ಕಡಲಿನವರೆಗೆ ಸುಮಾರು 4,800 ಕಿ.ಮೀ. ಸಾಗುವ ‘ರೇಸ್ ಅಕ್ರಾಸ್ ಅಮೆರಿಕ’ ಎಂಬ ಸ್ಪರ್ಧೆ ರಸ್ತೆಯ ಮೇಲಿನದು. ಆದರೆ ದಮ್ಮಿನ ಪರೀಕ್ಷೆಗಳಲ್ಲಿ ಅದಕ್ಕೆ ಮೇಲಾದುದು ಸಿಗುವುದು ವಿರಳ. 2015ರಲ್ಲಿ ನಾಸಿಕದ ವೈದ್ಯ ಸಹೋದರರಾದ ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್ ಇಬ್ಬರ ತಂಡವಾಗಿ, ಸರದಿಯ ಮೇಲೆ ಹಗಲಿರುಳೂ ತುಳಿದು ಒಂಬತ್ತು ದಿನದೊಳಗೆ ಅದನ್ನು ಮುಗಿಸಿದರು. ಭಾರತದಿಂದ ಅದನ್ನು ಪೂರ್ಣಗೊಳಿಸಿದ ಮೊದಲ ತಂಡ ಅವರದು. ಸೇನೆಯ ವೈದ್ಯರಾದ ಶ್ರೀನಿವಾಸ್ ಗೋಕುಲನಾಥ್ 2016ರಲ್ಲಿ ಒಬ್ಬರೇ ಹೊರಟು ನಡುವೆಯೇ ನಿಲ್ಲಿಸಬೇಕಾಯಿತು. 2017ರಲ್ಲಿ ಮತ್ತೆ ಹೋಗಿ, ಅದನ್ನು ಒಬ್ಬರೇ ಮುಗಿಸಿದ ಮೊದಲ ಭಾರತೀಯರಾದರು. ಇವರು ಮೂವರೂ ವೈದ್ಯರು. ಓದು ಬಿಟ್ಟು ಸೈಕಲ್ ಹತ್ತಿದವರಲ್ಲ ಎಂಬುದನ್ನು ಪಾಲಕರು ಗಮನಿಸಬೇಕು. ಒಂದು ವರ್ಷ ನಡುದಾರಿಯಲ್ಲಿ ನಿಂತವರೇ ಮರುವರ್ಷ ಗುರಿ ಮುಟ್ಟಿದರು ಎಂಬುದನ್ನು ಮಕ್ಕಳು ಗಮನಿಸಬೇಕು.

ಅಗಸಿಯ ಮುಂದೆ ಒಂಟಿಯಾಗಿ ಸುತ್ತು ಹಾಕುತ್ತಿದ್ದ ಆ ಆಟಗಾರನಿಗೆ ನಡುರಾತ್ರಿ ಎರಡು ಗಂಟೆಗೆ ಜೊತೆಗಿದ್ದುದು ಒಂದು ದೀಪ ಮಾತ್ರ. ಮೊದಲ ಸಲ ತಂಡದಲ್ಲಿ ಓಡುವ ಹುಡುಗನ ಸ್ಥಿತಿ ಬೇರೆ. ಕತ್ತಲಲ್ಲಿ ಕಲ್ಲು ದಾಟಿ, ಏರು ಹತ್ತಿ, ಧೂಳು ತುಂಬಿದ ಮೈಯಲ್ಲಿ ಅವನು ಡೇರೆಯ ಬಳಿ ಬಂದಾಗ ಇನ್ನೊಬ್ಬ ಹೆಲ್ಮೆಟ್ ಕಟ್ಟಿಕೊಂಡು ಒಂದು ಕಾಲು ಪೆಡಲ್ ಮೇಲಿಟ್ಟು ಕಾಯುತ್ತಿರುತ್ತಾನೆ. ಎಷ್ಟು ನಿಮಿಷ ತಡ ಎಂದು ಅವನು ಕೇಳುವುದಿಲ್ಲ. ‘ಬಂದೆಯಾ?’ ಎಂದು ಕೇಳಿ, ಗುರುತು ಇಸಿದುಕೊಂಡು ಹೊರಟುಬಿಡುತ್ತಾನೆ.